ಗಂಡ ಹೆಂಡತಿ ಇಬ್ಬರೂ ಓದಬಾರದೆಂದು ಯಾವ ಕಾಯಿದೆಯಲ್ಲಿದೆ?



"ಒಬ್ಬರು ಕಲೀಲಿ, ಒಬ್ಬರು ದುಡೀಲಿ." ಈ ಮಾತನ್ನು ನೀವೂ ಕೇಳಿರುತ್ತೀರಿ. ತೂಕದ ಮಾತಿನಂತೆ ಕೇಳಿಸುತ್ತದೆ. ಮನೆಯ ಹಿರಿಯರು ಹೇಳುತ್ತಾರೆ, ಕಾಲೇಜಿನ ಗುಮಾಸ್ತರು ಹೇಳುತ್ತಾರೆ, ಕಾರಖಾನೆಯ ಮುಕಾದಮನೂ ಹೇಳುತ್ತಾನೆ. ಯಾರೇ ಹೇಳಲಿ, ಅದರ ಅರ್ಥ ಒಂದೇ: ದುಡಿಯುವವರ ಮನೆಯಲ್ಲಿ ವಿದ್ಯೆಯೆಂಬುದು ಒಂದೇ ತಾಟಿನ ಊಟ, ಇಬ್ಬರು ಉಣ್ಣುವಂತಿಲ್ಲ. ದೊಡ್ಡ ಸಾಹೇಬರ ಮನೆಯಲ್ಲಿ ಗಂಡನೂ ಎಂ.ಎ., ಹೆಂಡತಿಯೂ ಎಂ.ಎ. ಆದರೆ "ಎಂಥ ಜೋಡಿ" ಎಂದು ಹೊಗಳುತ್ತಾರೆ. ಮಗ್ಗದವನ ಮನೆಯಲ್ಲಿ, ತೋಟದ ಲೈನಿನಲ್ಲಿ ಇಬ್ಬರೂ ಪುಸ್ತಕ ಹಿಡಿದು ಕೂತರೆ "ಇವರಿಗೇನು ಬಂತು ದೊಡ್ಡಸ್ತಿಕೆ" ಎನ್ನುತ್ತಾರೆ. ಈ ಮಾತು ಸುಳ್ಳು, ಅನ್ಯಾಯದ ಮಾತು ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಕುರನೂರಿನಲ್ಲಿ, ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕು. ಬೋರಿ ಹೊಳೆಗೆ ಕಟ್ಟಿದ ಕುರನೂರ ಅಣೆಕಟ್ಟಿನಿಂದ ಈ ಹೆಸರು ಹೊರಗಿನವರಿಗೂ ಗೊತ್ತು. ರಾಜ್ಯ ಮಹಾರಾಷ್ಟ್ರವಾದರೂ ಕನ್ನಡ ಮಾತಾಡುವ ಮನೆಗಳು ತಾಲೂಕಿನ ತುಂಬ ಇವೆ. ನಿಮಗೆ ಕಾಫಿ ಕೊಯ್ಲು ಹೇಗೋ ನಮಗೆ ಕಬ್ಬು ಹಾಗೆ, ಕಬ್ಬು ಬಿಟ್ಟರೆ ಸೋಲಾಪುರದ ಮಗ್ಗ. ಹಂಗಾಮ ಬಂದಾಗ ಮಾಲೀಕನಿಗೆ ಕೂಲಿಯವರ ಕೈ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಇಲ್ಲಿಯ ಒಂದು ಜೋಡಿಯ ಲೆಕ್ಕ ಕೇಳಿರಿ. ಹೆಸರು ಬೇಡ. ಹೆಸರು ಹಾಕಿದರೆ ನಾಳೆ ಅವನ ಮಗ್ಗ ಇನ್ನೊಬ್ಬನ ಕೈಗೆ ಹೋಗುತ್ತದೆ. ಗಂಡ ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂ.ಐ.ಡಿ.ಸಿ.ಯಲ್ಲಿ ಟವೆಲ್ ನೇಯುತ್ತಾನೆ, 12 ತಾಸಿನ ಪಾಳಿ, ನೇಯ್ದ ನಗಕ್ಕೆ ದುಡ್ಡು. ನಿಂತ ಮಗ್ಗಕ್ಕೆ ಪಗಾರವಿಲ್ಲ. ಹೆಂಡತಿ ಒಂದು ಖಾಸಗಿ ಸಾಲಿಯಲ್ಲಿ ತಾಸಿನ ಲೆಕ್ಕದ ಮೇಲೆ ಪಾಠ ಹೇಳುತ್ತಾಳೆ. ಪಾಠ ಹೇಳಿದ ತಾಸಿಗೆ ಮಾತ್ರ ಪಗಾರ. ಪೇಪರು ತಿದ್ದಿದ್ದಕ್ಕೆ, ಮಕ್ಕಳ ಹಾಜರಿ ಬರೆದದ್ದಕ್ಕೆ, ಸ್ನೇಹ ಸಮ್ಮೇಳನಕ್ಕೆ ಹುಡುಗಿಯರಿಗೆ ಕುಣಿತ ಕಲಿಸಿದ್ದಕ್ಕೆ ಏನೂ ಇಲ್ಲ. ಮೂರು ವರ್ಷದ ಮಗಳಿದ್ದಾಳೆ. ಇಬ್ಬರೂ ಸೋಲಾಪುರದ ಒಂದೇ ಕಾಲೇಜಿನಲ್ಲಿ ಎಂ.ಎ. ಎರಡನೆಯ ಸೆಮಿಸ್ಟರು, ಅವನದು ಅರ್ಥಶಾಸ್ತ್ರ, ಅವಳದು ಇತಿಹಾಸ. ಅಕ್ಕಲಕೋಟದಿಂದ ಸೋಲಾಪುರಕ್ಕೆ ಹೋಗುವುದಕ್ಕೇ ಸುಮಾರು 40 ಕಿಲೋಮೀಟರು, ಊರಿನಿಂದ ಅಕ್ಕಲಕೋಟಕ್ಕೆ ಬರುವುದು ಬೇರೆ. ಇಬ್ಬರೂ ಏಳನೆಯ ಇಯತ್ತೆಯ ತನಕ ಕನ್ನಡ ಸಾಲಿ ಕಲಿತವರು, ಈಗಿನ ಪುಸ್ತಕಗಳೆಲ್ಲ ಮರಾಠಿ. ರಾತ್ರಿ ಮಗು ಮಲಗಿದ ಮೇಲೆ ಅವಳು ಎರಡೂ ವಿಷಯದ ಟಿಪ್ಪಣಿ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿ, ಫೋನಿನಲ್ಲಿ ಧ್ವನಿ ತುಂಬಿಸಿ ಇಡುತ್ತಾಳೆ. ಅವನು ಅದನ್ನು ಎಸ್.ಟಿ. ಬಸ್ಸಿನಲ್ಲಿ ಕೇಳುತ್ತಾನೆ. ಮಗ್ಗದ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲವಾದ್ದರಿಂದ ಬಸ್ಸೇ ಅವನ ಗ್ರಂಥಾಲಯ.

ವರ್ಷದ ಉಳಿದ ದಿನಗಳಲ್ಲಿ ಈ ಗಾಡಿ ಹೇಗೋ ಉರುಳುತ್ತದೆ. ಸೆಮಿಸ್ಟರಿನ ಕೊನೆ ಬಂತೆಂದರೆ ಅಚ್ಚು ಮುರಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಕಾಲೇಜಿನವರು ಒಳ ಅಂಕದ ಪರೀಕ್ಷೆ, ಪ್ರಕಲ್ಪದ ವಹಿ, ಮೌಖಿಕ, ಕೊನೆಗೆ ಲಿಖಿತ ಪೇಪರು, ಎಲ್ಲವನ್ನೂ ಒಟ್ಟೊಟ್ಟಿಗೆ ಇಡುತ್ತಾರೆ. ಅದೇ ತಿಂಗಳು ನಮ್ಮಲ್ಲಿ ಲಗ್ನದ ಹಂಗಾಮ. ಲಗ್ನವೆಂದರೆ ಬೀಗರಿಗೆಲ್ಲ ಟವೆಲ್ಲು ಟೋಪಿಯ ಆಹೇರಿ, ಆಹೇರಿಯೆಂದರೆ ಕಾರಖಾನೆಗೆ ಎರಡು ಪಟ್ಟು ಆರ್ಡರು. ಅವಳ ಸಾಲಿಯಲ್ಲೂ ಅದೇ ತಿಂಗಳು ವಾರ್ಷಿಕ ಪರೀಕ್ಷೆ. ತನ್ನ ಪೇಪರಿಗೆ ಓದಬೇಕಾದ ರಾತ್ರಿ ಮಂದಿಯ ಮಕ್ಕಳ ಪೇಪರು ತಿದ್ದುತ್ತ ಕೂಡಬೇಕು. ಈ ವರ್ಷ ಅವರಿಬ್ಬರ ಎರಡು ಪೇಪರು ಒಂದೇ ದಿನ, ಒಂದೇ ಹೊತ್ತಿಗೆ ಬಂದಿವೆ. ಆ ಮೂರು ತಾಸು ಮಗು ಯಾರ ಬಳಿ?

ಈಗ ಕಾಲೇಜಿನ ಲೆಕ್ಕ ನೋಡೋಣ. ಮಹಾರಾಷ್ಟ್ರದಲ್ಲಿ 2023-24ರಿಂದ ಎಂ.ಎ. ಹೊಸ ಶಿಕ್ಷಣ ನೀತಿಯ ಪ್ರಕಾರ ನಡೆಯುತ್ತಿದೆ. ನಾಲ್ಕು ಸೆಮಿಸ್ಟರು, ಒಂದೊಂದಕ್ಕೆ 22 ಕ್ರೆಡಿಟು. ಒಂದು ಕ್ರೆಡಿಟಿಗೆ 15 ತಾಸು ಪಾಠ, ಪ್ರಾಯೋಗಿಕ ಕೆಲಸವಾದರೆ 30 ತಾಸು. ಎಲ್ಲವನ್ನೂ ಪಾಠವೆಂದೇ ಹಿಡಿದರೂ ಒಬ್ಬರಿಗೆ ಸೆಮಿಸ್ಟರಿಗೆ 330 ತಾಸು, ಇಬ್ಬರದೂ ಕೂಡಿದರೆ 660. ಇದು ಕಾಲೇಜಿನ ಗೋಡೆಯೊಳಗಿನ ಲೆಕ್ಕ ಮಾತ್ರ, ಮನೆಯಲ್ಲಿ ಓದುವುದು ಇದರಲ್ಲಿ ಸೇರಿಲ್ಲ. ವಾರಕ್ಕೆ 72 ತಾಸು ಮಗ್ಗದ ಮುಂದೆ ನಿಲ್ಲುವವನು ಇದನ್ನು ಎಲ್ಲಿಂದ ತರಬೇಕು? ನಿದ್ದೆಯಿಂದ ಕದಿಯಬೇಕು, ಬೇರೆ ಗಂಟು ಅವನಲ್ಲಿಲ್ಲ.

ಇದರಲ್ಲೊಂದು ನಗೆಪಾಟಲು ಇದೆ. ಎರಡನೆಯ ಸೆಮಿಸ್ಟರಿನಲ್ಲಿ 4 ಕ್ರೆಡಿಟಿಗೆ ಕೆಲಸದ ತರಬೇತಿ ಅಥವಾ ಕ್ಷೇತ್ರಕಾರ್ಯ ಮಾಡಬೇಕು. ನಾಲ್ಕು ಮೂವತ್ತಲಿ 120 ತಾಸು. ಕೆಲಸ ಕಾಣದ ಹುಡುಗರಿಗೆ ಕೆಲಸದ ರುಚಿ ತೋರಿಸುವುದು ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹತ್ತು ವರ್ಷ ಮಗ್ಗದ ಮುಂದೆ ನಿಂತವನಿಗೆ, ಕೆಲಸವೆಂದರೆ ಏನೆಂದು ತಿಳಿಯಲು 120 ತಾಸು ಪಗಾರವಿಲ್ಲದೆ ಇನ್ನೊಂದು ಕಚೇರಿಯಲ್ಲಿ ಕೂತು ಸಹಿ ಮಾಡಿಸಿಕೊಂಡು ಬಾ ಎಂದರಲ್ಲ! ಅವನು ಕೈಮುಗಿದು ಕೇಳಿದ: "ಸರ್, ನನ್ನ ಕಾರಖಾನೀನೇ ತರಬೇತಿ ಅಂತ ಹಿಡೀರಿ." ಆಗುವುದಿಲ್ಲವಂತೆ. ನೂಲಿನ ದರ ಏರಿದರೆ ನಗದ ಕೂಲಿ ಏಕೆ ಇಳಿಯುತ್ತದೆ, ಕರೆಂಟು ಹೋದ ತಾಸಿನ ನಷ್ಟ ಯಾರ ತಲೆಗೆ, ಮುಂಗಡ ತೆಗೆದುಕೊಂಡವನು ಮಾಲೀಕನನ್ನು ಬಿಡಲಾರದೆ ಏಕೆ ಉಳಿಯುತ್ತಾನೆ, ಇವೆಲ್ಲ ಅರ್ಥಶಾಸ್ತ್ರವಲ್ಲದಿದ್ದರೆ ಅರ್ಥಶಾಸ್ತ್ರ ಯಾವುದು? ಅವನ ಮಗ್ಗದ ಮನೆಗೆ ಪ್ರಾಧ್ಯಾಪಕರೇ ಒಂದು ವಾರ ತರಬೇತಿಗೆ ಬರಬೇಕು.

ಕಾಲೇಜು "ಕೆಲಸ ಮಾಡುವುದಿದ್ದರೆ ಓದು ಬಿಡು" ಎನ್ನುತ್ತದೆ. ಮಾಲೀಕ "ಓದುವುದಿದ್ದರೆ ಕೆಲಸ ಬಿಡು" ಎನ್ನುತ್ತಾನೆ. ಇವರಿಬ್ಬರ ಜಗಳದಲ್ಲಿ ಸರಕಾರ ಎಲ್ಲಿದೆ?

ಸರಕಾರಿ ಸಾಹೇಬರ ವಿಷಯದಲ್ಲಿ ಸರಕಾರ ಗಟ್ಟಿಯಾಗಿಯೇ ನಿಂತಿದೆ. ಕೇಂದ್ರ ಸರಕಾರದ ಕಾಯಂ ನೌಕರರಿಗೆ ರಜೆಯ ನಿಯಮಗಳಲ್ಲಿ ಅಧ್ಯಯನ ರಜೆಯೆಂದೇ ಒಂದು ಅಧ್ಯಾಯವಿದೆ. ಹುದ್ದೆಗೆ ಸಂಬಂಧಪಟ್ಟ ಓದಿಗೆ ಸೇವಾವಧಿಯಲ್ಲಿ ಸಾಮಾನ್ಯವಾಗಿ 24 ತಿಂಗಳ ತನಕ, ಪಗಾರ ಸಮೇತ. ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಕೂಲಿಯವನಿಗೆ? ಹಳೆಯ ಕಾರ್ಖಾನೆ ಕಾಯಿದೆ 240 ದಿನ ದುಡಿದವನಿಗೆ 20 ದಿನಕ್ಕೆ 1ರಂತೆ ಪಗಾರದ ರಜೆ ಕೊಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ 240ನ್ನು 180ಕ್ಕೆ ಇಳಿಸಿದೆ. ಅಷ್ಟು ಮಟ್ಟಿಗೆ ಸರಿ. ಆದರೆ ಆ ರಜೆ ಜ್ವರಕ್ಕೂ, ಲಗ್ನಕ್ಕೂ, ಮಣ್ಣಿಗೆ ಹೋಗುವುದಕ್ಕೂ ಸಾಲದು. ಪರೀಕ್ಷೆಗೆಂದು ಒಂದೇ ಒಂದು ದಿನ ಹಳೆಯದರಲ್ಲೂ ಇರಲಿಲ್ಲ, ಹೊಸದರಲ್ಲೂ ಇಲ್ಲ. ಸಣ್ಣ ಶೆಡ್ಡುಗಳಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನಿಗಂತೂ ಯಾವ ಕಾಯಿದೆಯೂ ಇಲ್ಲ.

ನಿಮ್ಮ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆಯನ್ನೇ ನೆನಪಿಸಿಕೊಳ್ಳಿ. ಅದೂ ಈಗ ಹೊಸ ಸಂಹಿತೆಯೊಳಗೆ ಕರಗಿತು. ತೋಟದಲ್ಲಿ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಅವರಿಗೆ ಶಾಲೆಯ ಸೌಕರ್ಯ ಇರಬೇಕೆಂದು ಅದು ಹೇಳಿತ್ತು. ಆ ಕಾಲಕ್ಕೆ ಅದು ದೊಡ್ಡದೇ. ಆದರೆ ಕಾಯಿದೆ ಬರೆದವರ ಕಣ್ಣಿಗೆ ತೋಟದ ಕೂಲಿಯ ಮಗುವಿನ ವಿದ್ಯೆ ಹನ್ನೆರಡಕ್ಕೆ ಮುಗಿಯಿತು ನೋಡಿ! ಕಾರ್ಮಿಕ ಕಲ್ಯಾಣ ಮಂಡಳಿಗಳ ವಿದ್ಯಾರ್ಥಿವೇತನವೂ ಹೆಚ್ಚಾಗಿ ಕಾರ್ಮಿಕರ ಮಕ್ಕಳಿಗೇ. ಮಗು ಓದಲಿ, ಸಂತೋಷ. ಆದರೆ ಕಾರ್ಮಿಕನೇ, ಕಾರ್ಮಿಕಳೇ ಓದುತ್ತಾಳೆಂಬುದು ಇವರ ತಲೆಗೆ ಹೊಳೆದಂತಿಲ್ಲ. ನಿಮ್ಮಲ್ಲಿ ಅರೇಬಿಕಾ ಹಣ್ಣಾಗುವ ನವೆಂಬರಿನಿಂದ ಜನವರಿಯ ಹೊತ್ತಿಗೇ ಕಾಲೇಜುಗಳಲ್ಲಿ ಸೆಮಿಸ್ಟರಿನ ಪರೀಕ್ಷೆ ಬರುತ್ತದೆ. ಆಗ ಚೆಕ್‌ರೋಲಿನಲ್ಲಿ ಹೆಸರಿರುವ ಸೊಸೆ ಪರೀಕ್ಷೆಗೆ ಹೋಗುತ್ತೇನೆಂದರೆ ರೈಟರು ಏನು ಹೇಳುತ್ತಾರೆಂದು ನಿಮಗೇ ಗೊತ್ತು.

"ಪರೀಕ್ಷೆಗೆಲ್ಲ ಪಗಾರದ ರಜೆ ಯಾವ ದೇಶದಲ್ಲಿದೆ?" ಎಂದು ಕೇಳುವವರಿಗೆ ಉತ್ತರ ಕೊಡುತ್ತೇನೆ. ಇಟಲಿಯಲ್ಲಿದೆ. 1970ರ ಮೇ 20ರಂದು ಅಲ್ಲಿ ಕಾರ್ಮಿಕರ ಹಕ್ಕುಗಳ ಕಾಯಿದೆಯೊಂದು ಬಂತು, ಸಂಖ್ಯೆ 300. ಅದರ 10ನೆಯ ಕಲಮು ಓದುವ ಕಾರ್ಮಿಕರಿಗಾಗಿಯೇ ಬರೆದದ್ದು. ತರಗತಿಗೆ ಹೋಗಲು, ಪರೀಕ್ಷೆಗೆ ಸಿದ್ಧವಾಗಲು ಅನುಕೂಲವಾಗುವ ಪಾಳಿ ಅವರ ಹಕ್ಕು. ಅವರಿಂದ ಓವರ್‌ಟೈಮನ್ನು ಒತ್ತಾಯದಿಂದ ಮಾಡಿಸುವಂತಿಲ್ಲ. ಪರೀಕ್ಷೆಯ ದಿನ, ಅದು ವಿಶ್ವವಿದ್ಯಾನಿಲಯದ ಪರೀಕ್ಷೆಯಾದರೂ, ಪಗಾರ ಸಮೇತ ರಜೆ. ಅಷ್ಟಕ್ಕೇ ಅಲ್ಲಿಯ ಸಂಘಗಳು ಸುಮ್ಮನಿರಲಿಲ್ಲ. 1973ರಲ್ಲಿ ಲೋಹದ ಕಾರಖಾನೆಗಳ ಕಾರ್ಮಿಕರು ತಮ್ಮ ಒಪ್ಪಂದದಲ್ಲಿ 150 ತಾಸು ಪಗಾರದ ಓದನ್ನು ಬರೆಸಿಕೊಂಡರು. ಕಾರ್ಮಿಕರು ತಮ್ಮ ಸ್ವಂತ ವೇಳೆಯನ್ನೂ ಅದಕ್ಕೆ ಜೋಡಿಸಬೇಕಿತ್ತು, ಜೋಡಿಸಿದರು. ಅರ್ಧಕ್ಕೆ ಸಾಲಿ ಬಿಟ್ಟಿದ್ದ ಲಕ್ಷಾಂತರ ಜನ ಆ ತಾಸುಗಳಲ್ಲಿ ಮತ್ತೆ ಬೆಂಚಿನ ಮೇಲೆ ಕೂತರು. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಕಾರ್ಮಿಕನಿಗೆ ವರ್ಷಕ್ಕೆ 5 ದಿನ ಕಲಿಕೆಯ ರಜೆ ಇದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1974ರಲ್ಲಿ ಜಿನೀವಾದಲ್ಲಿ 140ನೆಯ ಒಡಂಬಡಿಕೆ ಮಾಡಿತು. ಅದರ ವಿಷಯವೇ ಪಗಾರ ಸಮೇತ ಶಿಕ್ಷಣ ರಜೆ. ಕಸುಬಿನ ತರಬೇತಿ, ಸಾಮಾನ್ಯ ಶಿಕ್ಷಣ, ಸಂಘದ ಶಿಕ್ಷಣ ಮೂರನ್ನೂ ಅದು ಹೆಸರಿಸಿದೆ. ಆ ಸಂಘಟನೆಯ ಸ್ಥಾಪಕ ಸದಸ್ಯರಲ್ಲಿ ಒಂದಾದ ನಮ್ಮ ಭಾರತ ಐವತ್ತು ವರ್ಷ ಕಳೆದರೂ ಅದಕ್ಕೆ ಸಹಿ ಹಾಕಿಲ್ಲ.

ಪರದೇಶದ ಮಾತು ಬೇಡವೇ? ನಮ್ಮದೇ ಪ್ರಜಾಪ್ರತಿನಿಧಿ ಕಾಯಿದೆಯ 135-ಬಿ ಕಲಮು ತೆಗೆಯಿರಿ. 1996ರಲ್ಲಿ ಸೇರಿಸಿದ್ದು. ಮತದಾನದ ದಿನ ಕೂಲಿಯವನಿಗೆ ಪಗಾರ ಸಮೇತ ರಜೆ ಕೊಡಬೇಕು, ದಿನಗೂಲಿಯವನಿಗೂ ಕೊಡಬೇಕು, ಕೊಡದ ಮಾಲೀಕನಿಗೆ ದಂಡ. ಯಾವ ಕಾರಖಾನೆಯೂ ಅದರಿಂದ ಮುಳುಗಲಿಲ್ಲ. ನಮ್ಮ ಬೆರಳಿಗೆ ಶಾಯಿ ಹಚ್ಚುವ ದಿನ ರಜೆ ಕೊಡಿಸಬಲ್ಲ ಸರಕಾರ, ಅದೇ ಬೆರಳು ಪೆನ್ನು ಹಿಡಿಯುವ ದಿನ ರಜೆ ಕೊಡಿಸಲಾರದೇ?

"ಮಾಲೀಕನೂ ಸಣ್ಣವನು, ಎಲ್ಲಿಂದ ಕೊಟ್ಟಾನು?" ಎಂಬ ಮಾತಿಗೂ ಲೆಕ್ಕವೇ ಉತ್ತರ. ಸೆಮಿಸ್ಟರಿಗೆ 5 ಪೇಪರೆಂದು ಹಿಡಿದರೆ ವರ್ಷಕ್ಕೆ 10 ದಿನ. ವರ್ಷದ 300 ದಿನದ ದುಡಿಮೆಯಲ್ಲಿ 10 ದಿನವೆಂದರೆ ರೂಪಾಯಿಗೆ ಮೂರು ಪೈಸೆ ಮತ್ತೊಂದಿಷ್ಟು. ಅದೂ ಎಲ್ಲರಿಗಲ್ಲ, ಹಾಲ್ ಟಿಕೆಟು ತೋರಿಸಿದವರಿಗೆ. ನೂರು ಜನರಲ್ಲಿ ಅಂಥವರು ಎಷ್ಟು ಮಂದಿ ಸಿಕ್ಕಾರು? ನಿಜಕ್ಕೂ ಸಣ್ಣ ಮಾಲೀಕನಿಗೆ ಇದೂ ಹೊರೆಯಾದರೆ ಕಲ್ಯಾಣ ನಿಧಿಯಿಂದ ತುಂಬಿಸಲಿ. ಆ ನಿಧಿಗೆ ಕಾರ್ಮಿಕನ ಪಗಾರದಿಂದಲೂ ಪಾಲು ಹೋಗುತ್ತದೆ.

ಇನ್ನು ಮನೆಯ ಮಾತು. ಇದನ್ನು ಬರೆದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. "ಒಬ್ಬರು ಕಲೀಲಿ" ಎನ್ನುವಾಗ ಆ ಒಬ್ಬರು ಯಾವಾಗಲೂ ಗಂಡನೇ ಆಗುತ್ತಾನಲ್ಲ, ಏಕೆ? ಆ ಜೋಡಿಯ ಓಣಿಯ ಹಿರಿಯರೊಬ್ಬರು ನನ್ನೆದುರಿಗೇ ಹೇಳಿದರು: "ಆಕಿ ಮುಂದಿನ ವರ್ಷ ಕಟ್ಟಲಿ ಬಿಡ್ರಿ, ಪರೀಕ್ಷಾ ಎಲ್ಲಿ ಓಡಿ ಹೋಗ್ತದ?" ಅವಳು ಸೆರಗು ಸರಿಮಾಡಿಕೊಂಡು, ದನಿ ಏರಿಸದೆ ಕೇಳಿದಳು: "ಹಂಗಾದ್ರ ಅವರೇ ಮುಂದಿನ ವರ್ಷ ಕಟ್ಟಲಿ ಅಲ್ರಿ ಮಾಮಾ?" ಹಿರಿಯರು ಎಲೆ ಅಡಿಕೆಯ ಚೀಲ ಹುಡುಕತೊಡಗಿದರು. ಎರಡೂ ವಿಷಯದ ಟಿಪ್ಪಣಿ ಕನ್ನಡಕ್ಕೆ ಬಿಡಿಸಿಕೊಟ್ಟವಳು ಅವಳು. ಗಂಡ ಪಾಸಾದರೆ ಅರ್ಧ ಅವಳ ಓದಿನಿಂದ. ಅವಳನ್ನೇ ಮನೆಯಲ್ಲಿ ಕೂಡಿಸಿದರೆ ಅವನ ಪರೀಕ್ಷೆಯೂ ಕುಂಟುತ್ತದೆ. ಇದು ಗಂಡನಿಗೆ ಗೊತ್ತಿದೆ, ಓಣಿಗೆ ಗೊತ್ತಿಲ್ಲ.

ಮಹಾರಾಷ್ಟ್ರದಲ್ಲಿ ಜನವರಿ 3 ಬಂದರೆ ಸಾಲಿ ಸಾಲಿಗೆ ಸಾವಿತ್ರಿಬಾಯಿ ಫುಲೆಯವರ ಫೋಟೊಕ್ಕೆ ಹಾರ ಬೀಳುತ್ತದೆ. ಜೋತಿರಾವ್, ಸಾವಿತ್ರಿಬಾಯಿ ಗಂಡಹೆಂಡತಿ ಕೂಡಿ 1855ರಲ್ಲಿ ಪುಣೆಯಲ್ಲಿ ರೈತರಿಗೂ ಕೂಲಿಯವರಿಗೂ ರಾತ್ರಿ ಶಾಲೆ ನಡೆಸಿದರು. ದುಡಿಯುವ ಗಂಡಸು ಹೆಂಗಸು ಹಗಲು ಬರಲಾರರು ಎಂದು ಅಂದೇ ತಿಳಿದಿತ್ತು ಅವರಿಗೆ. ಇಂದು ಹಾರ ಹಾಕುವವರಿಗೆ ತಿಳಿದಿಲ್ಲ. 1946ರಲ್ಲಿ ಡಾ. ಅಂಬೇಡ್ಕರ್ ಅವರ ಸಂಸ್ಥೆ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ನೌಕರಿ ಮಾಡುವವರು ಕಲಿಯಲೆಂದು ಬೆಳಗಿನ ತರಗತಿ ಇಟ್ಟಿತು. ವಾರಕ್ಕೆ 48 ತಾಸಿನ ದುಡಿಮೆಯ ಕಾಯಿದೆ ಬಂದದ್ದೂ ಅದೇ ವರ್ಷ. ದುಡಿಮೆಯ ತಾಸು ಇಳಿಸುವುದು, ಕಾಲೇಜಿನ ಬಾಗಿಲು ಬೇಗ ತೆರೆಯುವುದು, ಈ ಎರಡೂ ಕೂಡಿಯೇ ನಡೆಯಬೇಕೆಂದು ಆ ಕಾಲದವರಿಗೆ ಗೊತ್ತಿತ್ತು. ಮುಂಬೈಯ ಹೋಟೆಲುಗಳಲ್ಲಿ ಲೋಟ ತೊಳೆದ ನಮ್ಮ ತುಳುನಾಡಿನ ಹುಡುಗರು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ವಕೀಲರಾದರು, ಬ್ಯಾಂಕು ಸೇರಿದರು. ದುಡಿಯುವವನು ಓದಲಾರನೆಂದು ಯಾರೂ ಹೇಳಬೇಡಿ.

ತಾಯಂದಿರ ವಿಷಯದಲ್ಲಿ ಕಾಗದವಾದರೂ ಹುಟ್ಟಿದೆ. ಪದವಿ, ಸ್ನಾತಕೋತ್ತರ ಓದುವ ಹೆಣ್ಣುಮಕ್ಕಳಿಗೂ ಹೆರಿಗೆ ರಜೆ, ಹಾಜರಿಯಲ್ಲಿ ಸಡಿಲಿಕೆ ಸಿಗುವಂತೆ ನಿಯಮ ಮಾಡಿರೆಂದು 2021ರ ಡಿಸೆಂಬರಿನಲ್ಲಿ ಯು.ಜಿ.ಸಿ. ವಿಶ್ವವಿದ್ಯಾನಿಲಯಗಳಿಗೆ ಬರೆಯಿತು. 2023ರಲ್ಲಿ ದಿಲ್ಲಿ ಹೈಕೋರ್ಟು ಎಂ.ಎಡ್. ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ, ಓದು ಬೇಕೋ ತಾಯ್ತನ ಬೇಕೋ ಆರಿಸಿಕೋ ಎಂದು ಹೆಣ್ಣನ್ನು ಮೂಲೆಗೆ ತಳ್ಳಬಾರದೆಂಬ ಅರ್ಥದ ತೀರ್ಪು ಕೊಟ್ಟಿತು. ನಿಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಈ ನಿಯಮ ಇದೆಯೇ ಎಂದು ಹೋಗಿ ನೋಡಿರಿ. 50 ಮತ್ತು ಹೆಚ್ಚು ಜನ ದುಡಿಯುವಲ್ಲಿ ಶಿಶುಗೃಹ ಇರಬೇಕೆಂದು 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗೆ ತಿದ್ದುಪಡಿ ಆಯಿತು. ಇನ್ನೂರು ಜನ ಬರೆಯುವ ಪರೀಕ್ಷಾ ಕೇಂದ್ರದಲ್ಲಿ ಮೂರು ತಾಸು ಮಕ್ಕಳನ್ನು ನೋಡಿಕೊಳ್ಳಲು ಒಂದು ಖೋಲಿ, ಒಬ್ಬ ಆಯಾ ಬೇಡವೇ? ಮೊಬೈಲು ಇಡಲು ಖೋಲಿ ಇದೆ.

ಗಡಿಯವರ ತೊಡಕು ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿದಾಗ ದುಡಿಯುವ ಎಷ್ಟೋ ಕನ್ನಡಿಗರು ಮನೆಯಿಂದಲೇ ಪದವಿ ಪಡೆದರು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಆದರೆ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯ ತನ್ನ ಗಡಿಯಾಚೆ ಕೇಂದ್ರ ತೆರೆಯುವಂತಿಲ್ಲ ಎಂಬುದು ಯು.ಜಿ.ಸಿ.ಯ ನಿಯಮ. ಅಕ್ಕಲಕೋಟದ ಕನ್ನಡಿಗ ಕನ್ನಡದಲ್ಲಿ ಓದಬೇಕೆಂದರೆ ಕಲಬುರಗಿಗೋ ವಿಜಯಪುರಕ್ಕೋ ಹೋಗಬೇಕು, ಅಲ್ಲಿಗೆ ಹೋಗುವ ಒಂದೊಂದು ದಿನವೂ ಒಂದೊಂದು ದಿನದ ಕೂಲಿ. ಈ ವಿಶ್ವವಿದ್ಯಾನಿಲಯಕ್ಕೆ 2012-13ರಿಂದಲೇ ಮಾನ್ಯತೆ ಇಲ್ಲವೆಂದು 2015ರಲ್ಲಿ ಹೇಳಿ, 2018ರಲ್ಲಿ ಮತ್ತೆ ಮಾನ್ಯತೆ ಕೊಟ್ಟರು. ನಡುವಿನ ವರ್ಷಗಳಲ್ಲಿ ಕೂಲಿಯ ದುಡ್ಡಿನಿಂದ ಶುಲ್ಕ ಕಟ್ಟಿದವರ ಗತಿ ಏನಾಯಿತೆಂದು ಕೇಳಿದವರು ಕಡಿಮೆ. ಎರಡು ರಾಜ್ಯ ಗಡಿಗಾಗಿ ಕೋರ್ಟಿನಲ್ಲಿ ಎಷ್ಟಾದರೂ ಹೊಡೆದಾಡಲಿ, ಸೋಲಾಪುರದಲ್ಲೊಂದು ಕನ್ನಡ ಪರೀಕ್ಷಾ ಕೇಂದ್ರಕ್ಕೆ ಒಪ್ಪಂದ ಮಾಡಿಕೊಳ್ಳಲು ಏನಡ್ಡಿ?

ಕೊನೆಗೆ ನಮ್ಮ ಸಂಘಗಳಿಗೆ ಒಂದು ಮಾತು. ಬೋನಸ್ಸು, ತುಟ್ಟಿಭತ್ಯೆ, ಕಂಬಳಿ, ಸೌದೆ, ಲೈನ್ ಮನೆಯ ರಿಪೇರಿ ಎಲ್ಲವೂ ಬೇಡಿಕೆಯ ಪಟ್ಟಿಯಲ್ಲಿ ಬರುತ್ತವೆ, ಬರಲೇಬೇಕು. ಪರೀಕ್ಷೆಯ ರಜೆ ಏಕೆ ಬರುವುದಿಲ್ಲ? ಅದು ನಾಲ್ಕೈದು ಜನರ ಕೆಲಸವೆನ್ನಬೇಡಿರಿ. ಹೆರಿಗೆ ರಜೆಯೂ ಒಂದು ದಿನಕ್ಕೆ ನಾಲ್ಕೈದು ಜನರದೇ. ಇಷ್ಟನ್ನು ಬರೆಯಿರಿ: ಹಾಲ್ ಟಿಕೆಟು ತೋರಿಸಿದ ಕೂಲಿಗಾರನಿಗೂ ಕೂಲಿಗಾರ್ತಿಗೂ ಪೇಪರಿನ ದಿನ ಪಗಾರ ಸಮೇತ ರಜೆ. ಪರೀಕ್ಷೆಗೆ ಮುಂಚಿನ ಹದಿನೈದು ದಿನ ಓವರ್‌ಟೈಮೂ ಇಲ್ಲ, ರಾತ್ರಿ ಪಾಳಿಯೂ ಇಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಕಡೆ ದುಡಿಯುತ್ತಿದ್ದರೆ ಇಬ್ಬರಿಗೂ ಕೊಡಬೇಕು, ಒಬ್ಬರಿಗೆ ಕೊಟ್ಟೆವೆಂದು ಇನ್ನೊಬ್ಬರದು ಕತ್ತರಿಸುವಂತಿಲ್ಲ. ಕಾಲೇಜಿಗೂ ಒಂದು ಪತ್ರ ಹೋಗಲಿ: ವೇಳಾಪಟ್ಟಿ ಎರಡು ತಿಂಗಳು ಮುಂಚೆ ಬರಬೇಕು, ದುಡಿಯುವವನ ದುಡಿಮೆಯನ್ನೇ ತರಬೇತಿಯೆಂದು ಹಿಡಿಯಬೇಕು, ಮಕ್ಕಳಿಗೆ ಖೋಲಿ ಬೇಕು. ಪತ್ರಕ್ಕೆ ಓದುವವರು ಮಾತ್ರ ಸಹಿ ಮಾಡಿದರೆ ಅವರನ್ನು ಗುರುತಿಟ್ಟು ಹಿಡಿಯುತ್ತಾರೆ, ಆದ್ದರಿಂದ ಲೈನಿನವರೆಲ್ಲ ಮಾಡಿರಿ, ಹೆಬ್ಬೆಟ್ಟಿನವರೂ ಒತ್ತಿರಿ. ಮುಂದಿನ ಒಪ್ಪಂದದ ಮಾತುಕತೆಗೆ ಹೋಗುವವರು ತಮ್ಮಲ್ಲಿ ಓದುತ್ತಿರುವ ಜೋಡಿಗಳ ಪರೀಕ್ಷೆಯ ವೇಳಾಪಟ್ಟಿಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಮೇಜಿನ ಮೇಲೆ ಇಡಿರಿ.